ತಟ್ಟೆ ಇಡ್ಲಿಗೆ ನಿಲ್ಲಿಸಿದರೆ ಸ್ಟಾರ್ಟ್ ಆಗದ ಬೆಂಜ್: ನನ್ನ ಅನುಭವ

ಬೆಂಗಳೂರಿನಿಂದ ತುಮಕೂರಿನ ಹತ್ತಿರದ ಕ್ಯಾತಸಂದ್ರದವರೆಗೂ ನನ್ನ ಹಳೇ ಬೆಂಜ್ ಒಂದು ಕೆಮ್ಮೂ ಇಲ್ಲದೆ ಬರುತ್ತಿತ್ತು. ತಟ್ಟೆ ಇಡ್ಲಿಗೆ ಅಂತ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಮುಗೀತು. ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಸುಮ್ನೆ ಕೂತರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು.

ಗಾಡಿ 1998ರ ಇ230, ಡಬ್ಲ್ಯೂ210 ಅನ್ನೋ ಮಾಡೆಲ್, ಅದೇ ದುಂಡು ಹೆಡ್‌ಲೈಟಿನದು. ಆಟೋ ಗೇರ್. ಎರಡು ಕಾಲು ಲಕ್ಷಕ್ಕೆ ತಗೊಂಡೆ. ನಾನು ತುಮಕೂರಿನಲ್ಲಿ ಇಪ್ಪತ್ತು ವರ್ಷದಿಂದ ಲಾರಿ, ಕಾರಿನ ವೈರಿಂಗ್ ಕೆಲಸ ಮಾಡೋನು. ನನ್ನ ಗಾಡೀನೇ ರಸ್ತೆಯಲ್ಲಿ ನಿಂತರೆ ಅಕ್ಕಪಕ್ಕದ ಗ್ಯಾರೇಜಿನವರಿಗೆ ಹಬ್ಬ ಅಲ್ವಾ? "ಭಾವ, ಇದನ್ನ ಗುಜರಿಗೆ ಹಾಕಿ ಒಂದು ಇನ್ನೋವಾ ತಗೊಳ್ಳಿ" ಅಂತ ಬಾಮೈದ ಬೇರೆ ದಿನಾ ಶುರು ಮಾಡಿದ್ದ.

ಮೊದಲ ಆರು ತಿಂಗಳು ನಾನೂ ಎಲ್ಲರ ಥರ ದುಡ್ಡು ಸುರಿದೆ. ಬ್ಯಾಟರಿ 9,000. ಪ್ಲಗ್, ಫಿಲ್ಟರ್ ಸೇರಿ ಮೂರೂವರೆ ಸಾವಿರ. ಎಂಜಿನ್ನಿಗೆ ಪೆಟ್ರೋಲ್ ಕಳಿಸೋ ಪಂಪಿನ ರಿಲೇ, ಅಂದರೆ ಅದರ ಸ್ವಿಚ್, ಬದಲಾಯಿಸಿದ್ದಾಯಿತು. ಆಮೇಲೆ ಹದಿನಾಲ್ಕು ಸಾವಿರದ ಪೆಟ್ರೋಲ್ ಪಂಪ್. ಮೂರು ಸಲ ಟೋಯಿಂಗ್, ಸಲಕ್ಕೆ ಎರಡೂವರೆ ಸಾವಿರ. ಹೊಟ್ಟೆ ಉರಿಯೋದು ಏನಂದ್ರೆ, ಗ್ಯಾರೇಜ್ ಮುಂದೆ ಇಳಿಸಿದ ತಕ್ಷಣ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು "ಇಸಿಎಂ ಹೋಗಿದೆ, 85,000 ಆಗುತ್ತೆ" ಅಂದರು. ಇಸಿಎಂ ಅಂದರೆ ಎಂಜಿನ್ ನಡೆಸೋ ಕಂಪ್ಯೂಟರ್. ಅಲ್ಲಿ ನಿಂತಿದ್ದ ಎರಡು ದಿನವೂ ಗಾಡಿ ತಣ್ಣಗಿತ್ತು. ಬಿಸಿಯಾದಾಗ ಬರೋ ಕಾಯಿಲೆಯನ್ನ ತಣ್ಣಗಿರುವಾಗ ಹುಡುಕಿದರೆ ಏನು ಸಿಗುತ್ತೆ?

ಅವತ್ತು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಕೈ ಕೊಟ್ಟಾಗಲೆಲ್ಲ ಬರೆಯೋದು: ಎಷ್ಟು ದೂರ ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ಟೆಂಪರೇಚರ್ ಮುಳ್ಳು ಎಲ್ಲಿತ್ತು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗಿತಾ ಇಲ್ಲವಾ. ಬಾಮೈದ ನೋಡಿ ನಕ್ಕ, "ಇದೇನು ಭಾವ, ಹಾಲಿನ ಲೆಕ್ಕವಾ?" ಅಂತ.

ಗಾಡಿಯ ಕಾಯಿಲೆ ಓದೋ ಸ್ಕ್ಯಾನರ್ ಯಾಕೆ ಹಾಕಲಿಲ್ಲ ಅಂತ ಕೇಳಬೇಡಿ. ಬಾನೆಟ್ ಒಳಗೆ ದುಂಡನೆಯ 38 ಪಿನ್ ಸಾಕೆಟ್ಟು, ನನ್ನ ಹತ್ತಿರ ಇರೋದು ಅದಕ್ಕೆ ಕೂರಲ್ಲ. ಬದಲಿಗೆ ಪಂಪಿನ ವೈರಿನಿಂದ ಟ್ಯಾಪ್ ತೆಗೆದು ಒಂದು ಸಣ್ಣ ಇಂಡಿಕೇಟರ್ ಬಲ್ಬನ್ನು ಸ್ಟೀರಿಂಗ್ ಹತ್ತಿರ ಕೂರಿಸಿದೆ. ಮೂವತ್ತು ರೂಪಾಯಿ ಖರ್ಚು. ಕೀ ಆನ್ ಮಾಡಿದಾಗ ಒಂದು ಕ್ಷಣ ಹತ್ತಿ ಆರುತ್ತದೆ. ಸೆಲ್ಫ್ ಹೊಡೆದಾಗ ಮತ್ತೆ ಹತ್ತಬೇಕು. ಕೈ ಕೊಟ್ಟ ದಿನ ಹತ್ತಲೇ ಇಲ್ಲ. ಆರ್‌ಪಿಎಂ ಮುಳ್ಳೂ ಅಲುಗಲಿಲ್ಲ.

ಎಲ್ಲರೂ ಮೋಸಹೋಗಿದ್ದು ಇಲ್ಲೇ. ಪಂಪ್ ಓಡುತ್ತಿಲ್ಲ, ಅದಕ್ಕೇ ಪಂಪ್ ಹೋಗಿದೆ ಅಂದುಕೊಂಡೆವು. ಪಂಪಿಗೆ ಯಾರಾದರೂ ಓಡು ಅಂತ ಹೇಳಬೇಕಲ್ಲ! ಕೀ ಆನ್ ಮಾಡಿದ ಆ ಒಂದು ಕ್ಷಣ ಬಿಟ್ಟರೆ, ಎಂಜಿನ್ ತಿರುಗುತ್ತಿದೆ ಅಂತ ಕ್ರ್ಯಾಂಕ್ ಸೆನ್ಸಾರ್ ಹೇಳಿದರೆ ಮಾತ್ರ ಇಸಿಎಂ ಪಂಪಿಗೂ ಕರೆಂಟ್ ಕೊಡುತ್ತದೆ, ಸ್ಪಾರ್ಕಿಗೂ ಕೊಡುತ್ತದೆ. ಆರ್‌ಪಿಎಂ ಮುಳ್ಳು ಅಲುಗೋದೂ ಅದೇ ಸೆನ್ಸಾರ್ ಹೇಳಿದರೆ.

ಮುಂದಿನ ಸಲ ಕ್ಯಾತಸಂದ್ರದಲ್ಲಿ ಬೇಕಂತಲೇ ನಿಲ್ಲಿಸಿದೆ. ಎರಡು ಇಡ್ಲಿ, ಒಂದು ಕಾಫಿ. ಬಂದು ಸೆಲ್ಫ್ ಹೊಡೆದೆ, ಹಿಡಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂತ ಖುಷಿಪಟ್ಟೆ. ಸೆನ್ಸಾರಿನ ಕನೆಕ್ಟರ್ ಕಿತ್ತು ಮೀಟರ್ ಇಟ್ಟರೆ ಓಪನ್, ಅಂದರೆ ಒಳಗೆ ವೈರ್ ಕಡಿದ ಹಾಗೆ. ಹೋಟೆಲ್ ಹುಡುಗನ ಹತ್ತಿರ ಒಂದು ಜಗ್ ನೀರು ಇಸ್ಕೊಂಡು, ಎಂಜಿನ್ ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ಸೆನ್ಸಾರ್ ಮೇಲೆ ಒದ್ದೆ ಬಟ್ಟೆ ಇಟ್ಟು, ಅದರ ಮೇಲೆ ನಿಧಾನಕ್ಕೆ ನೀರು ಬಿಟ್ಟೆ. ಎಕ್ಸಾಸ್ಟ್ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ. ಐದು ನಿಮಿಷಕ್ಕೆ ಮೀಟರಿನಲ್ಲಿ ಸಾವಿರ ಚಿಲ್ಲರೆ ಓಮ್ ಬಂತು. ಕನೆಕ್ಟರ್ ಹಾಕಿದೆ, ಒಂದೇ ಸೆಲ್ಫ್!

ಸೆನ್ಸಾರ್ ಬಿಚ್ಚೋದು ಮಾತ್ರ ಪಾಪದ ಕೆಲಸ. ಒಂದೇ ಬೋಲ್ಟು, ನಕ್ಷತ್ರದ ಆಕಾರದ ತಲೆ, ಇ8 ಸಾಕೆಟ್ ಬೇಕು, ಕಣ್ಣಿಗೆ ಕಾಣಲ್ಲ, ಕೈಗೆ ಎಟುಕಲ್ಲ. ಮೊದಲ ಸಲ ಬೋಲ್ಟ್ ಬೀಳಿಸಿಕೊಂಡು ಮ್ಯಾಗ್ನೆಟ್ ಕಡ್ಡಿ ಹಿಡಿದು ಎರಡು ಗಂಟೆ ತಡಕಾಡಿದೆ. ಈಗ ಹತ್ತು ನಿಮಿಷದಲ್ಲಿ ಬಿಚ್ಚುತ್ತೇನೆ. ಹೇಗೆ ಅಂತ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ದುಡ್ಡು ಉಳಿಸೋಕೆ 900 ರೂಪಾಯಿದು ಯಾವುದೋ ಲೋಕಲ್ ಸೆನ್ಸಾರ್ ಹಾಕಿದೆ. ನಾಲ್ಕು ದಿನ ಬಂತು. ಆಮೇಲೆ ಜೆ.ಸಿ. ರಸ್ತೆಗೆ ಹೋಗಿ ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಬಾಷ್ ತಂದೆ.

ಹಳೇದನ್ನ ಬಿಸಾಡೋಕೆ ಮನಸ್ಸು ಬರಲಿಲ್ಲ. ಮೀಟರಿನ ವೈರ್ ಕಟ್ಟಿ, ಪ್ಲಾಸ್ಟಿಕ್ ಕವರ್ ಸುತ್ತಿ ಮನೆಯ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟೆ. ತಣ್ಣಗಿದ್ದಾಗ 900 ಓಮ್. ಬಿಸಿಯಾಗುತ್ತಾ 1,000, 1,100 ಅಂತ ಏರಿತು. ಅದು ಸರಿಯೇ, ತಾಮ್ರ ಬಿಸಿಯಾದರೆ ಏರಲೇಬೇಕು. 1,150ರ ಹತ್ತಿರ ಬಂದು ಟಪ್ ಅಂತ ಓಪನ್. ಹೊರಗೆ ತೆಗೆದು ಫ್ಯಾನ್ ಕೆಳಗೆ ಇಟ್ಟರೆ ಮತ್ತೆ ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ನಾಲ್ಕನೇ ಸಲಕ್ಕೆ ಮನೆಯವಳು ಬಂದು ಪಾತ್ರೆ ನೋಡಿದಳು. ಆ ಪಾತ್ರೆ ಈಗ ಗ್ಯಾರೇಜಿನಲ್ಲೇ ಇದೆ, ಮನೆಗೆ ಹೊಸದು 1,200.

ಇಲ್ಲಿಗೆ ಮುಗೀತು ಅಂದುಕೊಂಡು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೂರು ವಾರಕ್ಕೆ ಗುಬ್ಬಿಯಲ್ಲಿ ಒಂದು ಮದುವೆ ಮನೆ ಮುಂದೆ, ಎಲ್ಲರೂ ನೋಡುತ್ತಿರುವಾಗ, "ಟಕ್" ಅಂತ ಒಂದು ಸದ್ದು. ಅಷ್ಟೇ. ಬಾಮೈದ ಮಾತಾಡಲಿಲ್ಲ, ಮುಖ ನೋಡಿದ. ಬೈದಿದ್ದರೇ ವಾಸಿಯಿತ್ತು.

ರಾತ್ರಿ ನೋಟ್‌ಬುಕ್ ತೆಗೆದೆ. ಹದಿನೇಳು ಸಲ ಬರೆದಿದ್ದೆ. ಅದರಲ್ಲಿ ಐದು ಕಡೆ ನನ್ನದೇ ಕೈಬರಹದಲ್ಲಿ "ಟಕ್ ಅಷ್ಟೇ, ತಿರುಗಲಿಲ್ಲ" ಅಂತಿದೆ. ಎರಡು ಬೇರೆ ಬೇರೆ ಕಾಯಿಲೆಯನ್ನ "ಸ್ಟಾರ್ಟ್ ಆಗಲಿಲ್ಲ" ಅಂತ ಒಂದೇ ಗಂಟಿಗೆ ಕಟ್ಟಿದ್ದೆ. ಬೆಳಗ್ಗೆ ಮೀಟರಿನ ಒಂದು ಕಡ್ಡಿ ಎಂಜಿನ್ನಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ ಇಟ್ಟು ಹುಡುಗನಿಗೆ ಸೆಲ್ಫ್ ಹೊಡಿ ಅಂದೆ. 0.2 ವೋಲ್ಟ್ ಒಳಗೆ ಇರಬೇಕಾದದ್ದು ಒಂದೂವರೆ ತೋರಿಸಿತು, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿಯಲ್ಲಿ ಅಡ್ಡಿ ಇದೆ. ಎಂಜಿನ್ನಿನಿಂದ ಗಾಡಿಯ ಮೈಗೆ ಬರೋ ಅರ್ತಿಂಗ್ ಪಟ್ಟಿ ಬಿಚ್ಚಿದರೆ ಒಳಗೆಲ್ಲ ಹಸಿರು ಪುಡಿ, ಬೋಲ್ಟ್ ಕೆಳಗೆ ತುಕ್ಕು. ಲಾರಿಗೆ ಹಾಕೋ ದಪ್ಪ ಪಟ್ಟಿಯನ್ನೇ ಕತ್ತರಿಸಿ ಹಾಕಿದೆ, 350 ರೂಪಾಯಿ. ಲಾರಿಗಳಲ್ಲಿ ನಾನು ಮೊದಲು ನೋಡೋದೇ ಅರ್ತಿಂಗ್. ಬೆಂಜ್ ಅಂದ ಕೂಡಲೇ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಅದಾಗಿ ಹದಿನಾಲ್ಕು ತಿಂಗಳು, ಹನ್ನೊಂದು ಸಾವಿರ ಕಿಲೋಮೀಟರ್ ಆಯಿತು. ಏಪ್ರಿಲ್ ಬಿಸಿಲಿನಲ್ಲಿ ದೇವರಾಯನದುರ್ಗ ಹತ್ತಿಸಿ, ಮೇಲೆ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದಿದ್ದೇನೆ. ಪಕ್ಕದ ಸೀಟಿನಲ್ಲಿ ಬಾಮೈದನನ್ನೇ ಕೂರಿಸಿಕೊಂಡಿದ್ದೆ.

ಬಿಚ್ಚಿದ ಹಳೇ ಪೆಟ್ರೋಲ್ ಪಂಪ್ ಇನ್ನೂ ಶೆಲ್ಫಿನ ಮೇಲಿದೆ. ಏನೂ ಆಗಿಲ್ಲ, ಚೆನ್ನಾಗಿ ಓಡುತ್ತದೆ. ಬೇಕಾದವರು ನಾಲ್ಕು ಸಾವಿರ ಕೊಟ್ಟು ತಗೊಂಡು ಹೋಗಿ.