ಮರದ ಚಿಕ್ಕ ಹಾಯಿಹಡಗೊಂದರ ಚರಿತ್ರೆಯನ್ನು ಹುಡುಕುವ ಬಗೆ

ಹಳೆಯ ಹಾಯಿಹಡಗೊಂದರ ಚರಿತ್ರೆಯನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಅದರ ಹೆಸರನ್ನು ಹಿಡಿದು ಹುಡುಕಾಟ ಆರಂಭಿಸುತ್ತಾರೆ ಮತ್ತು ಅಲ್ಲಿಯೇ ದಾರಿ ತಪ್ಪುತ್ತಾರೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಬಂದರುಗಳಲ್ಲಿ ‘ಮೇರಿ’, ‘ಎಲಿಜಬೆತ್’ ಎಂಬಂಥ ಹೆಸರಿನ ಹಡಗುಗಳು ಏಕಕಾಲಕ್ಕೆ ಹಲವಾರು ಇದ್ದವು. ಬೇರೆ ದೇಶಕ್ಕೆ ಮಾರಾಟವಾದ ಹಡಗಿಗೆ ಹೊಸ ಹೆಸರು ಬರುವುದೂ ಇತ್ತು. ಹಾಯಿಗಳ ಜೋಡಣೆಯನ್ನೂ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಒಂದೇ ಕೂವೆಕಂಬದ ಹಡಗನ್ನು ನಡುವೆ ಕತ್ತರಿಸಿ, ಉದ್ದ ಹೆಚ್ಚಿಸಿ, ಎರಡು ಕಂಬಗಳ ಹಡಗಾಗಿ ಮಾರ್ಪಡಿಸುತ್ತಿದ್ದುದುಂಟು. ಆದ್ದರಿಂದ ಮೊದಲು ಹಡಗಿನ ಮೈಯನ್ನು ಓದಿ, ಅನಂತರ ಕಾಗದಪತ್ರಗಳತ್ತ ಹೋಗುವುದೇ ಸರಿಯಾದ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ.

ಹಡಗು ಬ್ರಿಟಿಷ್ ನೋಂದಣಿಯದಾಗಿದ್ದರೆ ಮೊದಲು ನೋಡಬೇಕಾದದ್ದು ಡೆಕ್ಕಿನ ಕೆಳಗಿರುವ ಮುಖ್ಯ ಅಡ್ಡತೊಲೆಯನ್ನು. 1854ರ ವಾಣಿಜ್ಯ ನೌಕಾ ಕಾಯಿದೆಯು ಪ್ರತಿಯೊಂದು ಹಡಗಿಗೂ ಒಂದು ಅಧಿಕೃತ ಸಂಖ್ಯೆಯನ್ನು ಕೊಟ್ಟು, ಅದನ್ನೂ ನೋಂದಾಯಿತ ಟನ್ ಪ್ರಮಾಣವನ್ನೂ ಆ ತೊಲೆಯ ಮೇಲೆ ಕೆತ್ತಬೇಕೆಂದು ವಿಧಿಸಿತು. ಮಾಲೀಕರು ಬದಲಾದರೂ, ಬಂದರು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಬಣ್ಣದ ಹಲವು ಪದರಗಳ ಅಡಿಯಲ್ಲಿ ಅಂಕಿಗಳು ಹೂತುಹೋಗಿರುವುದು ಸಹಜವಾದರೂ ತೊಲೆಯನ್ನು ಕೆರೆಯಲು ಹೋಗಬೇಡಿ. ಟಾರ್ಚನ್ನು ತೊಲೆಗೆ ಎದುರಾಗಿ ಹಿಡಿಯದೆ, ಬೆಳಕು ಮರದ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಹಿಡಿದರೆ ಉಳಿಯ ಗುರುತುಗಳ ಅಂಚಿನಲ್ಲಿ ನೆರಳು ಬಿದ್ದು ಅಂಕಿಗಳು ತಾವಾಗಿ ಎದ್ದು ಕಾಣುತ್ತವೆ. ತೆಳುವಾದ ಕಾಗದವನ್ನಿಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿ ಅಚ್ಚು ತೆಗೆದುಕೊಳ್ಳಲೂಬಹುದು. ಟನ್ ಎಂದೊಡನೆ ತೂಕವೆಂದು ಭಾವಿಸಬಾರದು. ಆ ಕಾಯಿದೆಯ ಲೆಕ್ಕದಲ್ಲಿ ಒಂದು ಟನ್ ಎಂದರೆ ಹಡಗಿನ ಒಳಗಿನ ನೂರು ಘನ ಅಡಿ ಜಾಗ.

ತೊಲೆಯ ಬಳಿಕ ಹಲಗೆಗಳನ್ನು ಗಮನಿಸಬೇಕು: ಅವು ಅಂಚಿಗೆ ಅಂಚು ತಾಗಿಕೊಂಡಿವೆಯೋ, ಒಂದರ ಮೇಲೊಂದು ಹಾಯ್ದಿವೆಯೋ, ಹಡಗಿನ ಮೈಗೆ ಆಕಾರ ಕೊಡುವ ಬಾಗಿದ ಮರಗಳಾದ ಪಕ್ಕೆಲುಬುಗಳಿಗೆ ಅವನ್ನು ಸೇರಿಸಿರುವುದು ಕಬ್ಬಿಣದ ಮೊಳೆಯೋ ಮರದ ಗೂಟವೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಹಡಗಿನ ತಳಕ್ಕೆ ಹೊದಿಸಿದ ಲೋಹವೂ ಕಾಲವನ್ನು ಹೇಳುತ್ತದೆ. ತಾಮ್ರ ಮತ್ತು ಸತುವನ್ನು ಸುಮಾರು ಅರವತ್ತಕ್ಕೆ ನಲವತ್ತರ ಪ್ರಮಾಣದಲ್ಲಿ ಬೆರೆಸಿದ ಹಳದಿ ಲೋಹಕ್ಕೆ ಜಾರ್ಜ್ ಫ್ರೆಡ್ರಿಕ್ ಮಂಟ್ಜ್ ಪೇಟೆಂಟ್ ಪಡೆದದ್ದು 1832ರಲ್ಲಿ. ಅದರ ತಗಡು ಕಂಡರೆ ಆ ಹೊದಿಕೆ ಅದಕ್ಕಿಂತ ಹಿಂದಿನದಲ್ಲ. ಆದರೆ ಇಲ್ಲೊಂದು ಎಚ್ಚರ ಅಗತ್ಯ. ತಗಡನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸುತ್ತಿದ್ದುದರಿಂದ ಅದು ಹೊದಿಕೆಯ ವಯಸ್ಸನ್ನು ಹೇಳುತ್ತದೆಯೇ ಹೊರತು ಹಡಗಿನ ವಯಸ್ಸನ್ನಲ್ಲ. ಅದೇ ರೀತಿ, ಹಡಗಿನ ತಳದ ಹಿಂತುದಿಯಲ್ಲಿ ನೆಟ್ಟಗೆ ನಿಂತ ಮರದಲ್ಲಿ, ನೀರು ತಳ್ಳುವ ಪ್ರೊಪೆಲರಿನ ದಂಡ ಹಾಯಲು ದುಂಡನೆಯ ರಂಧ್ರವೊಂದನ್ನು ಆಮೇಲೆ ಕೊರೆದ ಗುರುತಿದ್ದರೆ, ಹಾಯಿಯ ಜೊತೆಗೆ ಎಂಜಿನ್ ಬಂದ ಘಟ್ಟವನ್ನು ನೀವು ನೋಡುತ್ತಿದ್ದೀರಿ ಎಂದರ್ಥ.

ಕಾಗದಪತ್ರ ಒಂದೂ ಉಳಿದಿಲ್ಲದಿದ್ದಾಗ ಮರದ ವಾರ್ಷಿಕ ಉಂಗುರಗಳೇ ಗತಿ. 1962ರಲ್ಲಿ ಜರ್ಮನಿಯ ವೇಸರ್ ನದಿಯಲ್ಲಿ ಸಿಕ್ಕ ಬ್ರೆಮೆನ್ ಹಡಗಿನ ಓಕ್ ಮರಗಳನ್ನು 1378ರಲ್ಲಿ ಕಡಿಯಲಾಗಿತ್ತೆಂಬುದು ತಿಳಿದದ್ದು ಹೀಗೆಯೇ. ತೊಗಟೆಯ ಒಳಗಿನ ಎಳೆಯ ಮರ ಉಳಿದಿರುವ ತುಂಡು ಸಿಕ್ಕರೆ ಮಾತ್ರ ಕಡಿದ ವರ್ಷ ಹೆಚ್ಚು ಖಚಿತವಾಗುತ್ತದೆ. ಆದ್ದರಿಂದ ದುರಸ್ತಿಯ ಸಮಯದಲ್ಲಿ ತೆಗೆದ ಹಳೆಯ ಪಕ್ಕೆಲುಬನ್ನು ದಯವಿಟ್ಟು ಸೌದೆಗೆ ಹಾಕಬೇಡಿ.

ಸಂಖ್ಯೆ ಕೈಗೆ ಬಂದ ಮೇಲೆ ದಾಖಲೆಗಳ ಬಾಗಿಲು ತೆರೆಯುತ್ತದೆ. 1857ರಿಂದ ಪ್ರಕಟವಾದ ಬ್ರಿಟನ್ನಿನ ವಾಣಿಜ್ಯ ಹಡಗುಗಳ ಪಟ್ಟಿಯಲ್ಲಿ ಆ ಸಂಖ್ಯೆಗೆ ಸೇರಿದ ಬಂದರು ಸಿಗುತ್ತದೆ; ಬಂದರಿನ ನೋಂದಣಿ ಪುಸ್ತಕದಲ್ಲಿ ಕಟ್ಟಿದ ಸ್ಥಳ, ಅಳತೆ ಮತ್ತು ಮಾಲೀಕರ ವಿವರವಿರುತ್ತದೆ. ಒಂದು ಹಡಗಿನ ಒಡೆತನವನ್ನು 64 ಪಾಲುಗಳಾಗಿ ವಿಂಗಡಿಸುತ್ತಿದ್ದುದರಿಂದ, ನಾಲ್ಕು ಪಾಲು ಹೊಂದಿದ ಹಗ್ಗದ ವ್ಯಾಪಾರಿಯೂ ಎಂಟು ಪಾಲು ಹೊಂದಿದ ವಿಧವೆಯೂ ಒಂದೇ ಪುಟದಲ್ಲಿ ಕಾಣಿಸಿಕೊಳ್ಳಬಹುದು. ಹಡಗುಗಳನ್ನು ಪರೀಕ್ಷಿಸಿ ದರ್ಜೆ ನೀಡುವ ಸಂಸ್ಥೆಯ ಪಟ್ಟಿಯಾದ ಲಾಯ್ಡ್ಸ್ ರಿಜಿಸ್ಟರ್‌ನಲ್ಲಿ ಹಡಗಿನ ಹೆಸರಿಲ್ಲವೆಂದು ನಿರಾಶರಾಗಬೇಕಿಲ್ಲ. ಕರಾವಳಿಯಲ್ಲಷ್ಟೇ ಓಡಾಡುತ್ತಿದ್ದ ಅನೇಕ ಚಿಕ್ಕ ಹಡಗುಗಳು ಅದರಲ್ಲಿ ಸೇರಲೇ ಇಲ್ಲ. ಸಿಬ್ಬಂದಿ ಪಟ್ಟಿಗಳ ದೊಡ್ಡ ಭಾಗ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿದೆ. ನನ್ನ ಮಟ್ಟಿಗೆ ಇವೇ ಎಲ್ಲಕ್ಕಿಂತ ಬೆಲೆಬಾಳುವ ಹಾಳೆಗಳು, ಏಕೆಂದರೆ ಯಾವ ಊರಿನ, ಎಷ್ಟು ವಯಸ್ಸಿನ ಹುಡುಗ ಅಡುಗೆಯವನಾಗಿ ಹಡಗು ಹತ್ತಿದನೆಂಬುದು ಇಲ್ಲಿ ಮಾತ್ರ ತಿಳಿಯುತ್ತದೆ.

ಬರೆಯಲು ಕುಳಿತಾಗ, ಪ್ರಸಿದ್ಧವಾದ ಒಂದು ಘಟನೆ ಉಳಿದ ಬದುಕನ್ನೆಲ್ಲ ನುಂಗಿಬಿಡದಂತೆ ನೋಡಿಕೊಳ್ಳಬೇಕು. ನಾರ್ವೆಯ ‘ಯೋವಾ’ ಸುಮಾರು 70 ಅಡಿ ಉದ್ದದ, 47 ಟನ್ನಿನ ಪುಟ್ಟ ಹಡಗು. 1903ರಿಂದ 1906ರವರೆಗೆ ಧ್ರುವ ಅನ್ವೇಷಕ ರೋಆಲ್ಡ್ ಅಮುಂಡ್ಸೆನ್ ಆರು ಮಂದಿ ಸಂಗಡಿಗರೊಂದಿಗೆ ಅದರಲ್ಲಿ, ಉತ್ತರ ಅಮೆರಿಕದ ಉತ್ತರದ ಹಿಮಸಮುದ್ರದ ಮೂಲಕ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ವಾಯವ್ಯ ಜಲಮಾರ್ಗವನ್ನು ದಾಟಿದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಆ ಹಡಗು ಹುಟ್ಟಿದ್ದು 1872ರಲ್ಲಿ, ಮೀನುಗಾರಿಕೆಗಾಗಿ. ಅಮುಂಡ್ಸೆನ್ ಕೊಳ್ಳುವ ಮೊದಲು ಸುಮಾರು ಮೂರು ದಶಕ ಅದು ಮೀನು ಹಿಡಿಯಲು, ಸೀಲ್ ಬೇಟೆಯಾಡಲು ದುಡಿಯಿತು. ಆಮೇಲೆ ದಶಕಗಳ ಕಾಲ ಸ್ಯಾನ್ ಫ್ರಾನ್ಸಿಸ್ಕೋದ ಉದ್ಯಾನದಲ್ಲಿ ಗಾಳಿಮಳೆಗೆ ಒಡ್ಡಿಕೊಂಡು ನಿಂತು, 1972ರಲ್ಲಿ ನಾರ್ವೆಗೆ ಮರಳಿತು. ಅದರ ಚರಿತ್ರೆ ಬರೆಯುವವರು ಮೀನು ಹಿಡಿದ ಆ ದಶಕಗಳಿಗೂ ನ್ಯಾಯ ಸಲ್ಲಿಸಬೇಕು.

ಕೊನೆಯದಾಗಿ ನೋಂದಣಿ ಮುಕ್ತಾಯದ ಷರಾವನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಿ. ಮುಳುಗಿತು, ಒಡೆಯಲಾಯಿತು, ವಿದೇಶೀಯರಿಗೆ ಮಾರಲಾಯಿತು ಎಂಬ ಮೂರು ಷರಾಗಳ ಪರಿಣಾಮ ಬೇರೆ ಬೇರೆ. ಮೊದಲನೆಯದಕ್ಕೆ ಆ ವಾರದ ಸ್ಥಳೀಯ ಪತ್ರಿಕೆಗಳನ್ನು ತಿರುವಿ ನೋಡಬೇಕು. ಮೂರನೆಯದಾಗಿದ್ದರೆ ಕೊಂಡ ದೇಶದ ನೋಂದಣಿಯಲ್ಲಿ, ಹೊಸ ಹೆಸರಿನ ಹಡಗೊಂದನ್ನು ಅದೇ ಉದ್ದ, ಅಗಲ, ಆಳ ಮತ್ತು ಕಟ್ಟಿದ ವರ್ಷದ ನೆರವಿನಿಂದ ಹುಡುಕಬೇಕು.