ಬೇಸರದ ಹಾಡನ್ನು ಪೂರ್ತಿ ಹಾಡುವುದು: ನನ್ನ ಅನುಭವ

ಬೇಸರ ಬಂದಾಗ ನಾನು ಸಿನಿಮಾ ಹಾಡು ಕೇಳುತ್ತೇನೆ. ಚರ್ಚಿನ ಸಂಗೀತ ಪುಸ್ತಕ ಮೇಜಿನ ಮೇಲೇ ಇದ್ದರೂ ಕೈ ಹೋಗುವುದು ಫೋನಿಗೆ. ನಮ್ಮ ಸಭೆಯ ಯುವಜನರಲ್ಲಿ ಬಹಳ ಮಂದಿ ಹೀಗೇ, ಆದರೆ ಚರ್ಚಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ "ಲೋಕದ ಹಾಡು ನಿಂಗೆ ಯಾಕೆ?" ಅನ್ನುವ ಪ್ರಶ್ನೆ ಬರುತ್ತದೆ. ಕೇಳುವ ಹಿರಿಯರಿಗೆ ನಮ್ಮ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. ಬೈಬಲಿನಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ತೆಗೆದು, ಸತ್ಯವಾದದ್ದು, ಶುದ್ಧವಾದದ್ದು ಯಾವುದೋ ಅದನ್ನೇ ಯೋಚಿಸಿ ಎಂದು ತೋರಿಸುತ್ತಾರೆ. ಅದೇ ವಚನ ಹಿಡಿದುಕೊಂಡೇ ನಾನು ಬೇರೊಂದು ಕಡೆ ಬಂದು ನಿಂತಿದ್ದೇನೆ. ಹೇಗೆ ಬಂದೆ ಅಂತ ಬರೆಯುತ್ತೇನೆ.

ನಮ್ಮದು ಮಂಗಳೂರು ಕಡೆಯ ಬಾಸೆಲ್ ಮಿಶನ್ ಮನೆತನ. ಮಿಶನ್‌ನವರು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಧರ್ಮಪ್ರಚಾರಕ್ಕೆ 1834ರಲ್ಲಿ ಇಲ್ಲಿಗೆ ಬಂದ ಮೇಲೆ ಬೆಳೆದ ಸಭೆಗಳಲ್ಲಿ ಒಂದು. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಹಾಡಿನ ರಾಗ ಜರ್ಮನ್. ನಮ್ಮ ಅಜ್ಜಿಗೆ ಸ್ಟಾಫ್ ನೋಟೇಶನ್ ಓದಲು ಬರುತ್ತಿರಲಿಲ್ಲ, ಆದರೆ ಆಲ್ಟೊ, ಅಂದರೆ ಮೂಲ ರಾಗದ ಕೆಳಗೆ ಹೆಂಗಸರು ಹಾಡುವ ಎರಡನೇ ದನಿ, ಪೂರ್ತಿ ಬಾಯಿಪಾಠ. ಮನೆಯ ಪ್ರಾರ್ಥನೆಯಲ್ಲೂ ಅವರು ಮೂಲ ರಾಗ ಹಾಡುತ್ತಿರಲಿಲ್ಲ, ಆಲ್ಟೊವನ್ನೇ ಹಾಡುತ್ತಿದ್ದರು. ಮೊಮ್ಮಕ್ಕಳು ರಾಗ ತಪ್ಪದೆ ಹಿಡಿದರೆ ಮಾತ್ರ ಅದು ಸೇರುತ್ತಿತ್ತು. ನನಗೆ ನಾಲ್ಕು ಸ್ವರದ, ಅಂದರೆ ನಾಲ್ಕು ದನಿ ಒಟ್ಟಿಗೆ ಸೇರುವ ಹಾಡಿನ ರುಚಿ ಹತ್ತಿದ್ದು ಅಲ್ಲಿ.

ಡಿಗ್ರಿ ಮುಗಿಸಿ ಕೆಲಸಕ್ಕೆ ಬೆಂಗಳೂರಿಗೆ ಹೋದೆ. ಪಿ.ಜಿ. ರೂಮು, ರಾತ್ರಿ ಶಿಫ್ಟು, ಕಿವಿಗೆ ಇಯರ್‌ಫೋನು. ಅಲ್ಲಿನ ದೊಡ್ಡ ಸಭೆಯೊಂದಕ್ಕೆ ಭಾನುವಾರ ಹೋಗುತ್ತಿದ್ದೆ. ಡ್ರಮ್ಸ್, ಗಿಟಾರ್, ಪರದೆ ಮೇಲೆ ಸಾಹಿತ್ಯ, ಎಲ್ಲ ಚೆನ್ನಾಗಿತ್ತು. ಆದರೆ ಎಲ್ಲ ಹಾಡಿನಲ್ಲೂ ಜಯ. ಸೋತು ಬಂದವಳಿಗೆ ಹಾಡಲು ಅಲ್ಲಿ ಒಂದು ಸಾಲೂ ಇರಲಿಲ್ಲ. ರಾತ್ರಿ ರೂಮಿಗೆ ಬಂದರೆ ಸಿನಿಮಾ ಹಾಡು ನನ್ನ ಮಾತನ್ನೇ ಆಡುತ್ತಿತ್ತು. ಒಬ್ಬಂಟಿತನ, ಕಾಯುವುದು, ಕೈಬಿಟ್ಟು ಹೋದವರು. ಹೀಗಿರುವಾಗ ಲೋಕದ ಹಾಡು ಯಾಕೆ ಅಂತ ಕೇಳಿದರೆ, ಅಳುವುದಕ್ಕೆ ಜಾಗ ಅಲ್ಲಿತ್ತು ಅನ್ನುವುದೇ ನನ್ನ ಪ್ರಾಮಾಣಿಕ ಉತ್ತರ.

ಆ ದಿನಗಳಲ್ಲಿ ಬೈಬಲಿನ ಕೀರ್ತನೆಗಳ ಪುಸ್ತಕವನ್ನು ಮೊದಲಿಂದ ಓದಲು ಶುರುಮಾಡಿದೆ. ಭಾನುವಾರ ಶಾಲೆಯಲ್ಲಿ ಕಲಿತದ್ದು 23, 100, 121 ಅಷ್ಟೇ. ಕುರುಬನು, ಹಸುರುಗಾವಲು, ಬೆಟ್ಟಗಳ ಕಡೆಗೆ ಕಣ್ಣು. ಪೂರ್ತಿ ಓದಿದರೆ ಬೇರೆಯೇ ಲೋಕ! ಒಟ್ಟು 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಅಳಲಿನವು ಎಂದು ಪಂಡಿತರು ಹೇಳುತ್ತಾರೆ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ದಾವೀದನು ದೇವರನ್ನು ಇನ್ನು ಎಷ್ಟು ಕಾಲ ಎಂದು ನಾಲ್ಕು ಸಲ ಕೇಳುತ್ತಾನೆ. 88ನೇ ಕೀರ್ತನೆ ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಕೊನೆಯಲ್ಲಿಲ್ಲ. ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ, ಅಲ್ವಾ? ಅಂದರೆ ಅಳುವುದಕ್ಕೆ ನಮ್ಮ ಮನೆಯಲ್ಲೇ ಜಾಗ ಇತ್ತು. ನಾವೇ ಆ ಕೋಣೆಯ ಬಾಗಿಲು ಹಾಕಿಟ್ಟಿದ್ದೆವು.

ಆಮೇಲೆ ಲೋಕದ ಹಾಡು, ದೇವರ ಹಾಡು ಅನ್ನುವ ಗೋಡೆಯ ಬಗ್ಗೆ ಓದತೊಡಗಿದೆ. ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ನೆನೆಯುವ ಶುಭಶುಕ್ರವಾರ ನಾವು ತಲೆತಗ್ಗಿಸಿ ಹಾಡುವ ರಾಗವೊಂದಿದೆ. ಮುಳ್ಳಿನ ಕಿರೀಟದ, ಗಾಯಗೊಂಡ ಶಿರಸ್ಸಿನ ಹಾಡು. ಜರ್ಮನ್ ಸಂಗೀತಗಾರ ಬಾಖ್, ಯೇಸುವಿನ ಕೊನೆಯ ಸಂಕಟವನ್ನು ಹಾಡುವ ತನ್ನ ಮತ್ತಾಯನ ಪ್ಯಾಶನ್‌ನಲ್ಲಿ ಅದೇ ರಾಗವನ್ನು ಮತ್ತೆ ಮತ್ತೆ ತರುತ್ತಾನೆ. ಆ ರಾಗವನ್ನು ಮೊದಲು ಮಾಡಿದ್ದು ಇನ್ನೊಬ್ಬ ಜರ್ಮನ್ ಸಂಗೀತಗಾರ ಹಾನ್ಸ್ ಲಿಯೊ ಹಾಸ್ಲರ್, 1601ರಲ್ಲಿ, ಒಂದು ಪ್ರೇಮಗೀತೆಗೆ. ಒಬ್ಬ ಹುಡುಗಿಯಿಂದಾಗಿ ಮನಸ್ಸು ಕಲಕಿಹೋಗಿದೆ ಅನ್ನುವ ಹಾಡು ಅದು. ಹದಿನೇಳನೇ ಶತಮಾನದಲ್ಲೇ ಅದು ಶಿಲುಬೆಯ ಹಾಡಾಯಿತು.

ಇನ್ನೊಂದು ಇದಕ್ಕೆ ತಿರುಗುಮುರುಗು. ನಮ್ಮ ಕಡೆ ಕ್ರೈಸ್ತರ ಮದುವೆಗಳಲ್ಲಿ ಬೋನಿ ಎಂ ತಂಡದ 'ರಿವರ್ಸ್ ಆಫ್ ಬ್ಯಾಬಿಲಾನ್' ಬಂತು ಅಂದರೆ ದೊಡ್ಡಮ್ಮಂದಿರೂ ಎದ್ದು ಕುಣಿಯುತ್ತಾರೆ. ಅದು 1978ರ ಡಿಸ್ಕೊ ಹಾಡು. ಅದಕ್ಕೂ ಮೊದಲು, 1970ರಲ್ಲಿ, ಜಮೈಕಾದ ಮೆಲೋಡಿಯನ್ಸ್ ಹಾಡಿದ್ದರು. ಸಾಹಿತ್ಯದ ಬಹುಪಾಲು 137ನೇ ಕೀರ್ತನೆ, ಕೊನೆಯ ಕಡೆ 19ನೇ ಕೀರ್ತನೆಯ ಒಂದು ಪ್ರಾರ್ಥನೆ. ಸೆರೆ ಹಿಡಿದವರು ಹಾಡು ಹೇಳಿ ಅಂತ ಕೇಳುತ್ತಾರೆ, ಪರದೇಶದಲ್ಲಿ ಕರ್ತನ ಹಾಡು ಹೇಗೆ ಹಾಡಲಿ ಎಂದು ಜನ ಅಳುತ್ತಾರೆ. ಇದನ್ನು ಗೊತ್ತುಮಾಡಿಕೊಂಡ ಮೇಲೂ ನಾನು ಮದುವೆಯಲ್ಲಿ ಕುಣಿಯುತ್ತೇನೆ. ಆದರೆ ಈಗ ಆ ಸಾಲುಗಳು ಕೇಳಿಸುತ್ತವೆ. ಬೆಂಗಳೂರಿನ ರೂಮು ನೆನಪಾಗುತ್ತದೆ.

ರಾಗ ಗೋಡೆ ದಾಟಿ ಆ ಕಡೆ ಈ ಕಡೆ ಓಡಾಡುತ್ತಲೇ ಇದೆ. ಹಾಗಾಗಿ ಯಾವ ಪೆಟ್ಟಿಗೆಯ ಹಾಡು ಎಂದು ಕೇಳುವುದನ್ನು ಬಿಟ್ಟೆ. ಈ ಹಾಡನ್ನು ನಾನು ಪೂರ್ತಿ ಕೇಳುತ್ತಿದ್ದೇನಾ, ಪೂರ್ತಿ ಹಾಡುತ್ತಿದ್ದೇನಾ ಅಂತ ಕೇಳಿಕೊಳ್ಳತೊಡಗಿದೆ. ಫೋನಿನಲ್ಲಿ ತೊಂದರೆ ಇರುವುದು ಇಲ್ಲಿಯೇ ಅಂತ ನನ್ನ ಅಭಿಪ್ರಾಯ.

ರಾತ್ರಿ ಒಂದು ಬೇಸರದ ಹಾಡು ಕೇಳಿ ನೋಡಿ. ಮುಗಿಯುತ್ತಿದ್ದ ಹಾಗೆ ಆಪ್ ಅದೇ ಬಣ್ಣದ ಇನ್ನೊಂದನ್ನು ತಂದಿಡುತ್ತದೆ, ಆಮೇಲೆ ಮತ್ತೊಂದು. ನೀವು ಅಳುತ್ತಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ನೀವು ನಿಲ್ಲಿಸಲಿಲ್ಲ ಅನ್ನುವುದು ಮಾತ್ರ ಗೊತ್ತು. ಕೀರ್ತನೆಗೆ ಒಂದು ಕೊನೆ ಇರುತ್ತದೆ. 88ಕ್ಕೂ ಇದೆ, ಹದಿನೆಂಟು ವಚನ ಆದ ಮೇಲೆ ನಿಲ್ಲುತ್ತದೆ. ಮತ್ತೆ ಅಷ್ಟು ಹೊತ್ತೂ ಅದು ಒಬ್ಬನ ಮುಖ ನೋಡಿ, ನೀನು ನೀನು ಎಂದು ಮಾತಾಡುತ್ತದೆ. ಇಯರ್‌ಫೋನಿನ ಬೇಸರಕ್ಕೆ ಎದುರಿಗೆ ಯಾರೂ ಇಲ್ಲ.

ನಮ್ಮವರ ರೀಲ್ಸ್ ಕಥೆ ಇದರ ಇನ್ನೊಂದು ಮಗ್ಗುಲು. 2020ರ ಜುಲೈನಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್ ಇಲ್ಲಿಗೆ ಬಂದ ಮೇಲೆ ಆರಾಧನೆಯ ಹಾಡೂ ತುಂಡಾಯಿತು. ಸೂರ್ಯೋದಯದ ಚಿತ್ರ, ಪಿಯಾನೊ, ಜಯದ ಎರಡು ಸಾಲು, ಮುಗಿಯಿತು. 13ನೇ ಕೀರ್ತನೆ ಆರೇ ವಚನದ್ದು. ರಾತ್ರಿಯ ಫೀಡು ಅದರ ಮೊದಲ ಎರಡನ್ನು ಮಾತ್ರ ಹಾಡುತ್ತದೆ. ನಮ್ಮ ರೀಲ್ಸು ಕೊನೆಯ ಎರಡನ್ನು ಮಾತ್ರ ಹಾಡುತ್ತದೆ. ನಡುವೆ ಎರಡಿವೆ. ನನ್ನ ಕಡೆ ನೋಡು, ಕಣ್ಣಿಗೆ ಬೆಳಕು ಕೊಡು, ಇಲ್ಲದಿದ್ದರೆ ಸತ್ತೇ ಹೋಗುತ್ತೇನೆ ಎಂದು ದೇವರನ್ನು ಹಿಡಿದು ಕೇಳುವ ಜಾಗ ಅದು. ಅದನ್ನು ಯಾರೂ ಹಾಡುತ್ತಿಲ್ಲ. ನನಗೆ ನಿಜವಾಗಿ ನೋವಾಗುವುದು ಇದಕ್ಕೆ. ಹುಡುಗರ ಪ್ರಾರ್ಥನೆ ಇರಬೇಕಾದದ್ದು ಆ ನಡುವೆಯೇ.

ನಾನು ಮಾಡಿಕೊಂಡ ವ್ಯವಸ್ಥೆ ಸರಳ. ಮೊದಲು ಆಟೊಪ್ಲೇ ಆಫ್ ಮಾಡಿದೆ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಹೋಮ್ ಪುಟ ಖಾಲಿಯಾಗುತ್ತದೆ. ಏನು ಬೇಕೋ ನಾವೇ ಹುಡುಕಬೇಕು. ಮೊದಮೊದಲು ಕಿರಿಕಿರಿ, ಆಮೇಲೆ ಅದೇ ಹಿತ. ಬೇಸರದ ಹಾಡುಗಳದ್ದೇ ಒಂದು ಪಟ್ಟಿ ಮಾಡಿಕೊಂಡೆ, ನಾಲ್ಕೋ ಐದೋ. ಕೊನೆಯದು ಮುಗಿದರೆ ಮೌನ. ಆ ಮೌನದಲ್ಲಿ ಒಂದು ಅಳಲಿನ ಕೀರ್ತನೆ ತೆಗೆದು ಗಟ್ಟಿಯಾಗಿ ಓದುತ್ತೇನೆ, ಪಿಸುಗುಟ್ಟಿಕೊಂಡು ಅಲ್ಲ. ಹಾಡು ಎಬ್ಬಿಸಿದ ಭಾವನೆ ಇನ್ನೂ ಬಿಸಿ ಇರುತ್ತದೆ, ಅದನ್ನೇ ಹೊತ್ತುಕೊಂಡು ದೇವರ ಮುಂದೆ ಹೋಗುವುದು. ಸುಮ್ನೆ ಬೈಬಲ್ ತೆರೆದಾಗ ಬಾರದ ಮಾತು ಆಗ ಬರುತ್ತದೆ.

ಎಲ್ಲ ಹಾಡೂ ಉಳಿಯಲಿಲ್ಲ. ಅನುಮಾನ ಬಂದ ಹಾಡಿನ ಸಾಹಿತ್ಯವನ್ನು ಕೈಯಲ್ಲಿ ಬರೆದು, ರಾಗವಿಲ್ಲದೆ ಓದುತ್ತೇನೆ. ಬೇಡ ಅಂದ ಹುಡುಗಿಯ ಹಿಂದೆ ಬಿದ್ದು ಕಾಡುವುದನ್ನೇ ಪ್ರೀತಿ ಅನ್ನುವ ಹಾಡುಗಳು ಹೀಗೆ ಓದಿದರೆ ನಿಲ್ಲುವುದಿಲ್ಲ. ರಾಗ ಎಷ್ಟೇ ಚೆನ್ನಾಗಿರಲಿ, ಅವನ್ನು ಬಿಟ್ಟೆ. ಪೌಲನ ಮಾತು ನನಗೆ ಕೆಲಸಕ್ಕೆ ಬಂದದ್ದು ಇಲ್ಲಿ. ಇದೇ ಪರೀಕ್ಷೆಯನ್ನು ಆರಾಧನೆಯ ಹಾಡಿಗೂ ಮಾಡುತ್ತೇನೆ. ನಾನು, ನನಗೆ, ನನ್ನ ಬಿಟ್ಟರೆ ಬೇರೆ ಏನೂ ಇಲ್ಲದ ಹಾಡುಗಳು ಅಲ್ಲೂ ಸಿಗುತ್ತವೆ.

ಊರಿಗೆ ವಾಪಸ್ ಬಂದ ಮೇಲೆ ಇದನ್ನು ಯುವಜನ ಕೂಟಕ್ಕೆ ತಂದೆ. ನಮ್ಮ ಸಭೆಯ ಪಾದ್ರಿ ಅಯ್ಯನವರು ಒಪ್ಪಿದರು, ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡರು ಕೂಡ. ಪ್ರತಿಯೊಬ್ಬರೂ ತಾವು ಒಂಟಿಯಾಗಿ ಕೇಳುವ ಒಂದು ಹಾಡು ತರಬೇಕು, ಅದನ್ನು ಪೂರ್ತಿ ಕೇಳಬೇಕು, ಆಮೇಲೆ ಅದಕ್ಕೆ ಹೊಂದುವ ಕೀರ್ತನೆ ಹುಡುಕಬೇಕು. ಪಿಯುಸಿ ಹುಡುಗನೊಬ್ಬ ಅಪ್ಪ ಗಲ್ಫ್‌ಗೆ ಹೋದ ಮೇಲೆ ಕೇಳುವ ಹಾಡು ತಂದಿದ್ದ. ಜೊತೆಗೆ 88 ಓದಿದ. ಓದಿ, "ಹೀಗೆಲ್ಲ ದೇವರಿಗೆ ಹೇಳಬಹುದಾ?" ಎಂದು ಕೇಳಿದ. ಹೇಳಬಹುದು ಅಂತ ಅಯ್ಯನವರೇ ಉತ್ತರ ಕೊಟ್ಟರು.

ಈಗ ನಮ್ಮ ಕೈಯಲ್ಲಿ ಒಂದು ಕೆಲಸ ಇದೆ. ಯೂಟ್ಯೂಬಿನಲ್ಲಿ ಸಿಗುವ ಕನ್ನಡ ಕ್ರೈಸ್ತ ಹಾಡುಗಳಲ್ಲಿ ತಮಿಳು, ತೆಲುಗು, ಇಂಗ್ಲಿಷಿನಿಂದ ಬಂದವು ಜಾಸ್ತಿ. ನಿಘಂಟಿನ ಕಿಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು 'ಕಥಾಮಾಲೆ' ಎಂದು ಇಲ್ಲಿಯ ಛಂದಸ್ಸಿನಲ್ಲಿ ಬರೆದಿದ್ದರು. ಹೊರಗಿಂದ ಬಂದವರು ಅಷ್ಟು ಶ್ರಮಪಟ್ಟಿರುವಾಗ ನಾವು ಸುಮ್ಮನಿರುವುದು ಹೇಗೆ? 13ನೇ ಕೀರ್ತನೆಗೆ ನಮ್ಮದೇ ರಾಗ ಹಾಕುತ್ತಿದ್ದೇವೆ, ಆರು ವಚನಕ್ಕೂ. ಜಗಳ, ಭರವಸೆಯ ಮಾತು ಶುರುವಾಗುವ ಐದನೇ ವಚನದಲ್ಲಿ. ಕೀಬೋರ್ಡ್ ನುಡಿಸುವ ಹುಡುಗ ಅಲ್ಲಿ ಬೇಸರದ ಬಣ್ಣದ ಮೈನರ್ ಬಿಟ್ಟು ಖುಷಿಯ ಬಣ್ಣದ ಮೇಜರ್‌ಗೆ ಏರಬೇಕು ಅನ್ನುತ್ತಾನೆ. ಕೇಳುವುದಕ್ಕೆ ಚಂದವೇ. ನಾನು ಬೇಡ ಅಂದೆ. ದಾವೀದನ ವೈರಿ ಐದನೇ ವಚನದಲ್ಲೂ ಅಲ್ಲೇ ನಿಂತಿದ್ದಾನೆ, ಸ್ಥಿತಿ ಏನೂ ಬದಲಾಗಿಲ್ಲ. ಕೊನೆಗೆ ಹೀಗೆ ಒಪ್ಪಿಕೊಂಡೆವು: ರಾಗ ಮೈನರ್‌ನಲ್ಲೇ ಇರಲಿ, ಮೊದಲ ನಾಲ್ಕು ವಚನ ಒಬ್ಬರೇ ಹಾಡಲಿ, ಐದರಿಂದ ನಾಲ್ಕೂ ಸ್ವರ ಸೇರಲಿ. ಆಲ್ಟೊ ಬರೆಯುವುದು ನನ್ನ ಪಾಲಿಗೆ ಬಂದಿದೆ.