ಜರ್ಮನ್‌ನಲ್ಲಿ ಪ್ರಶ್ನೆ ಕೇಳೋದು ಹೇಗೆ? ಕನ್ನಡದಿಂದಲೇ ಹೊರಡಿ

ಜರ್ಮನ್ ಕಲಿಯುವ ನಮ್ಮವರಲ್ಲಿ ಹೆಚ್ಚಿನವರು ಒಂದು ಸುತ್ತುದಾರಿ ಹಿಡಿಯುತ್ತಾರೆ. ಮನಸ್ಸಿನಲ್ಲಿ ಕನ್ನಡದ ಪ್ರಶ್ನೆ ಬರುತ್ತದೆ, ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ, ಆಮೇಲೆ ಜರ್ಮನ್‌ಗೆ. ನಾನೂ ಮೊದಲ ಕೆಲವು ತಿಂಗಳು ಹೀಗೇ ಮಾಡಿದೆ. ಇಂಗ್ಲಿಷಿನ ‘ಡು ಯೂ’, ‘ಡಸ್ ಹೀ’ಗೆ ಜರ್ಮನ್‌ನಲ್ಲಿ ಏನು ಹೇಳಬೇಕು ಅಂತ ಹುಡುಕುತ್ತಿದ್ದೆ. ಅಂಥದ್ದು ಅಲ್ಲಿ ಇಲ್ಲವೇ ಇಲ್ಲ. ಪ್ರಶ್ನೆಯ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಜರ್ಮನ್‌ಗೆ ಹತ್ತಿರ. ಇದು ಗೊತ್ತಾದ ದಿನದಿಂದ ನನಗೆ ಈ ಭಾಷೆ ಹಗುರವಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಜರ್ಮನ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ‘ಇಶ್’ (ನಾನು), ‘ನಿಶ್ಟ್’ (ಇಲ್ಲ, ಅಲ್ಲ) ಅಂತ ಬರೆದ ಕಡೆ ನಿಜವಾದ ಸದ್ದು ಹ ಮತ್ತು ಶ ನಡುವಿನದು. ಅದನ್ನು ಕಿವಿಯಿಂದಲೇ ಕಲಿಯಬೇಕು.

ಮೊದಲ ಹೆಜ್ಜೆ: ಕ್ರಿಯಾಪದವನ್ನು ಮುಂದಕ್ಕೆ ತನ್ನಿ

ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಪ್ರಶ್ನೆಯಿಂದ ಶುರು ಮಾಡೋಣ. ‘ನೀನು ಇವತ್ತು ಬರ್ತೀಯ’ ಅನ್ನುವ ಮಾತನ್ನು ಪ್ರಶ್ನೆ ಮಾಡಲು ನಾವೇನು ಮಾಡುತ್ತೇವೆ? ಕೊನೆಯನ್ನು ಎಳೆಯುತ್ತೇವೆ. ‘ಬರ್ತೀಯಾ?’ ಅಷ್ಟೇ. ಜರ್ಮನ್‌ನಲ್ಲಿ ಎಳೆಯುವ ಬದಲು ಕ್ರಿಯಾಪದವನ್ನು ಎತ್ತಿ ವಾಕ್ಯದ ತಲೆಗೆ ಇಡುತ್ತಾರೆ.

ಡು ಕೊಮ್ಸ್ಟ್ ಹೊಯ್ಟೆ. ನೀನು ಇವತ್ತು ಬರ್ತೀಯ.
ಕೊಮ್ಸ್ಟ್ ಡು ಹೊಯ್ಟೆ? ನೀನು ಇವತ್ತು ಬರ್ತೀಯಾ?

ಹೊಸ ಪದ ಒಂದೂ ಸೇರಲಿಲ್ಲ. ಜಾಗ ಮಾತ್ರ ಬದಲಾಯಿತು. ದನಿ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ‘ನೀವು ಜರ್ಮನ್ ಮಾತಾಡ್ತೀರಾ?’ ಅನ್ನಲು ‘ಶ್ಪ್ರೆಶೆನ್ ಜ಼ೀ ಡೊಯ್ಚ್?’

ಡು ಅಂದರೆ ನೀನು, ಜ಼ೀ ಅಂದರೆ ನೀವು. ಇಂಗ್ಲಿಷಿನಲ್ಲಿ ಇಲ್ಲದ ಈ ಭೇದ ನಮಗೆ ಹುಟ್ಟಿನಿಂದಲೇ ಗೊತ್ತು. ಆದರೆ ಬಳಕೆ ಪೂರ್ತಿ ಒಂದೇ ಅಲ್ಲ. ಇವತ್ತಿನ ಜರ್ಮನ್ ಮನೆಗಳಲ್ಲಿ ಅಜ್ಜನಿಗೂ ‘ಡು’ ಎಂದೇ ಹೇಳುತ್ತಾರೆ. ಅಲ್ಲಿ ‘ಜ಼ೀ’ ಅಂದರೆ ವಯಸ್ಸಿನ ಗೌರವಕ್ಕಿಂತ ಪರಿಚಯದ ಅಂತರ ಜಾಸ್ತಿ. ಅಂಗಡಿ, ಕಚೇರಿ, ಗುರುತಿಲ್ಲದ ದೊಡ್ಡವರು, ಇವರಿಗೆಲ್ಲ ‘ಜ಼ೀ’ ಬಳಸಿ.

ಎರಡನೇ ಹೆಜ್ಜೆ: ‘ವ’ಕಾರದ ಪದಗಳು

ನಮ್ಮ ಏನು, ಎಲ್ಲಿ, ಎಷ್ಟು, ಯಾರು, ಯಾಕೆ, ಯಾವಾಗ ಹೇಗೆ ಒಂದೇ ಮನೆಯ ಮಕ್ಕಳ ಹಾಗೆ ಕೇಳಿಸುತ್ತವೋ, ಜರ್ಮನ್ ಪ್ರಶ್ನೆಪದಗಳೂ ಹಾಗೇ. ಎಲ್ಲಕ್ಕೂ ‘ವ’ ಮೊದಲು. ಅದಕ್ಕೇ ಇವುಗಳಿಂದ ಶುರುವಾಗುವ ಪ್ರಶ್ನೆಗಳನ್ನು ಅವರು ‘ವೇ-ಫ್ರಾಗೆನ್’ (ವೇ-ಪ್ರಶ್ನೆಗಳು) ಅನ್ನುತ್ತಾರೆ. ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಹೆಸರು ಅಲ್ಲಿ ‘ವೇ’.

ವಸ್ ಅಂದರೆ ಏನು, ವೇರ್ ಅಂದರೆ ಯಾರು, ವೋ ಅಂದರೆ ಎಲ್ಲಿ, ವನ್ ಅಂದರೆ ಯಾವಾಗ, ವರುಮ್ ಅಂದರೆ ಯಾಕೆ, ವೀ ಅಂದರೆ ಹೇಗೆ. ‘ವೇರ್’ ಕೇಳಿದ ತಕ್ಷಣ ಇಂಗ್ಲಿಷಿನ ‘ಎಲ್ಲಿ’ ನೆನಪಾಗುತ್ತದೆ. ಆ ನೆನಪನ್ನು ಬಿಟ್ಟುಬಿಡಿ, ಇದು ‘ಯಾರು’.

ನಿಯಮ ಸುಲಭ. ಪ್ರಶ್ನೆಪದ ಮೊದಲು, ಕ್ರಿಯಾಪದ ಎರಡನೆಯದು, ಉಳಿದದ್ದು ಆಮೇಲೆ. ‘ವೋ ವೋನ್ಸ್ಟ್ ಡು?’ ಎಲ್ಲಿ ವಾಸ ಮಾಡ್ತೀಯ? ಇಲ್ಲಿ ದನಿ ಸಾಮಾನ್ಯವಾಗಿ ಕೊನೆಯಲ್ಲಿ ಇಳಿಯುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಎಲ್ಲಿ, ಎಲ್ಲಿಗೆ, ಎಲ್ಲಿಂದ ಅಂತ ನಮ್ಮಲ್ಲಿ ಮೂರು ಇವೆ, ಅಲ್ವಾ? ಜರ್ಮನ್‌ನಲ್ಲೂ ಮೂರು: ವೋ, ವೋಹಿನ್, ವೋಹೇರ್. ‘ಎಲ್ಲಿಗೆ ಹೋಗ್ತೀಯ?’ ‘ವೋಹಿನ್ ಗೇಸ್ಟ್ ಡು?’ ‘ಎಲ್ಲಿಂದ ಬಂದವನು?’ ‘ವೋಹೇರ್ ಕೊಮ್ಸ್ಟ್ ಡು?’

ಯಾರು ಅನ್ನುವುದಕ್ಕೂ ಹೀಗೇ ವಿಭಕ್ತಿ ಇದೆ. ಯಾರು, ಯಾರನ್ನು, ಯಾರಿಗೆ, ಯಾರ ಅನ್ನುವುದಕ್ಕೆ ವೇರ್, ವೇನ್, ವೇಮ್, ವೆಸ್ಸೆನ್. ‘ಯಾರನ್ನ ಕೇಳ್ತೀಯ?’ ಅಂದರೆ ‘ವೇನ್ ಫ್ರಾಗ್ಸ್ಟ್ ಡು?’ ‘ಯಾರಿಗೆ ಸಹಾಯ ಮಾಡ್ತೀಯ?’ ಅಂದರೆ ‘ವೇಮ್ ಹಿಲ್ಫ್ಸ್ಟ್ ಡು?’ ಕನ್ನಡದ ಪ್ರತ್ಯಯ ನೋಡಿಕೊಂಡೇ ಉತ್ತರ ಬರೆಯಬಹುದು. ಎಲ್ಲ ಕಡೆ ಹೊಂದುವುದಿಲ್ಲ ಅನ್ನುವುದೂ ನೆನಪಿರಲಿ. ನಾವು ‘ಯಾರಿಗೆ’ ಫೋನ್ ಮಾಡುತ್ತೇವೆ, ಅವರು ‘ಯಾರನ್ನು’ ಫೋನ್ ಮಾಡುತ್ತಾರೆ. ‘ವೇನ್ ರೂಫ್ಸ್ಟ್ ಡು ಆನ್?’ ಇಂಥವನ್ನು ಬೇರೆ ಹಾಳೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ.

‘ಯಾವ’ ಅನ್ನುವಲ್ಲಿ ಮಾತ್ರ ನಮಗೆ ಕಷ್ಟ. ನಮ್ಮ ‘ಯಾವ’ ಬದಲಾಗುವುದಿಲ್ಲ. ಅವರದ್ದು ನಾಮಪದದ ಲಿಂಗ ನೋಡಿ ಬದಲಾಗುತ್ತದೆ: ವೆಲ್ಶೆರ್ ಟ್ಸೂಕ್ (ಯಾವ ರೈಲು), ವೆಲ್ಶೆ ಶ್ಟ್ರಾಸೆ (ಯಾವ ರಸ್ತೆ), ವೆಲ್ಶೆಸ್ ಬೂಖ್ (ಯಾವ ಪುಸ್ತಕ).

ಮೂರನೇ ಹೆಜ್ಜೆ: ತುಂಡಾಗುವ ಕ್ರಿಯಾಪದ

ಮೇಲಿನ ಫೋನ್ ಪ್ರಶ್ನೆಯ ಕೊನೆಯಲ್ಲಿ ‘ಆನ್’ ಅಂತ ಒಂದು ಚೂರು ಉಳಿದದ್ದು ನೋಡಿದಿರಾ? ಪೂರ್ತಿ ಪದ ‘ಆನ್‌ರೂಫೆನ್’. ಅದು ಎರಡಾಗಿ, ಒಂದು ಭಾಗ ಮುಂದೆ ಬಂದು, ಇನ್ನೊಂದು ಕೊನೆಯಲ್ಲಿ ಕೂರುತ್ತದೆ. ರೈಲು ಎಷ್ಟು ಹೊತ್ತಿಗೆ ಹೊರಡುತ್ತೆ ಅಂತ ಕೇಳಲು ‘ವನ್ ಫೇರ್ಟ್ ಡೇರ್ ಟ್ಸೂಕ್ ಅಪ್?’ ಕೊನೆಯ ‘ಅಪ್’ ಬಿಟ್ಟರೆ ‘ಹೊರಡು’ ಹೋಗಿ ‘ಹೋಗು’ ಮಾತ್ರ ಉಳಿಯುತ್ತದೆ.

ಸಹಾಯಕ ಕ್ರಿಯಾಪದ ಇದ್ದಾಗಲೂ ಇದೇ ಕ್ರಮ. ‘ಕನ್ ಇಶ್ ಮಿಟ್ ಕಾರ್ಟೆ ಟ್ಸಾಲೆನ್?’ ಕಾರ್ಡ್‌ನಲ್ಲಿ ದುಡ್ಡು ಕೊಡಬಹುದಾ? ‘ಕನ್’ ತಲೆಯಲ್ಲಿ, ‘ಟ್ಸಾಲೆನ್’ ಬಾಲದಲ್ಲಿ. ‘ಹಸ್ಟ್ ಡು ಶೋನ್ ಗೆಗೆಸ್ಸೆನ್?’ ಅಂದರೆ ಊಟ ಆಯ್ತಾ? ಆದರೆ ಇದನ್ನು ನಮ್ಮ ಹಾಗೆ ಕುಶಲ ಕೇಳಲು ಬಳಸಬೇಡಿ. ಊಟಕ್ಕೆ ಕರೆಯುತ್ತಿದ್ದೀರಿ ಅಂದುಕೊಳ್ಳಬಹುದು. ಕುಶಲಕ್ಕೆ ‘ವೀ ಗೇಟ್ ಎಸ್ ಈನೆನ್?’

ಇಲ್ಲಿ ನಿಧಾನಿಸಿ: ಇಲ್ಲ ಅನ್ನುವ ಪ್ರಶ್ನೆ

‘ನೀನು ಬರಲ್ವಾ?’ ಅಂದರೆ ನಾವು ‘ಹೂಂ, ಬರಲ್ಲ’ ಅನ್ನುತ್ತೇವೆ. ಕೇಳಿದವರ ಮಾತು ಸರಿ ಅನ್ನುವ ಅರ್ಥದ ಹೂಂ ಅದು. ಒಮ್ಮೆ ಜರ್ಮನ್ ಗೆಳತಿ ‘ಕೊಮ್ಸ್ಟ್ ಡು ನಿಶ್ಟ್ ಮಿಟ್?’ (ಜೊತೆಗೆ ಬರಲ್ವಾ?) ಅಂದಾಗ ನಾನು ‘ಯಾ’ (ಹೌದು) ಅಂದೆ. ಬರಲ್ಲ ಅನ್ನುವ ಅರ್ಥದಲ್ಲಿ ಅಂದದ್ದು. ಅವಳು ನಾನು ಬರ್ತೀನಿ ಅಂದುಕೊಂಡು ಕೆಳಗೆ ಚಳಿಯಲ್ಲಿ ಕಾಯುತ್ತ ನಿಂತಿದ್ದಳು. ಕಿಟಕಿಯಿಂದ ಅವಳನ್ನು ನೋಡಿದಾಗ ಆದ ಬೇಸರ ಇನ್ನೂ ನೆನಪಿದೆ.

ಬರುವುದಿಲ್ಲ ಅಂತಾದರೆ ‘ನೈನ್’ (ಇಲ್ಲ) ಅನ್ನಬೇಕು. ಬರುತ್ತೇನೆ ಅಂತಾದರೆ ‘ಯಾ’ ಅಲ್ಲ, ‘ಡೊಖ್’. ಇಲ್ಲ ಅನ್ನುವ ಪ್ರಶ್ನೆಯನ್ನು ಅಲ್ಲಗಳೆಯಲೆಂದೇ ಇರುವ ಪದ ಇದು. ನಾವು ‘ಅಯ್ಯೋ, ಬರ್ತೀನಿ!’ ಅನ್ನುತ್ತೇವಲ್ಲ, ಅದೆಲ್ಲ ಈ ಒಂದೇ ಪದದಲ್ಲಿ ಬಂದುಬಿಡುತ್ತದೆ. ವಾರಪೂರ್ತಿ ಇದೊಂದನ್ನೇ ಅಭ್ಯಾಸ ಮಾಡಿದರೂ ನಷ್ಟವಿಲ್ಲ.

ನಾಲ್ಕನೇ ಹೆಜ್ಜೆ: ಮೆತ್ತಗೆ ಕೇಳುವುದು

ಗುರುತಿಲ್ಲದವರನ್ನು ‘ವೋ ಇಸ್ಟ್ ಡೇರ್ ಬಾನ್‌ಹೋಫ್?’ (ಸ್ಟೇಷನ್ ಎಲ್ಲಿದೆ?) ಅಂತ ನೇರವಾಗಿ ಕೇಳಿದರೆ ತಪ್ಪಲ್ಲ. ‘ಸ್ಟೇಷನ್ ಎಲ್ಲಿದೆ ಅಂತ ಹೇಳ್ತೀರಾ?’ ಅಂದರೆ ಇನ್ನೂ ಚೆನ್ನ. ‘ಕ್ಯೊನ್ನೆನ್ ಜ಼ೀ ಮೀರ್ ಜ಼ಾಗೆನ್, ವೋ ಡೇರ್ ಬಾನ್‌ಹೋಫ್ ಇಸ್ಟ್?’ ‘ಇಸ್ಟ್’ ಎಲ್ಲಿಗೆ ಹೋಯಿತು ನೋಡಿ. ಕೊನೆಗೆ, ಥೇಟ್ ಕನ್ನಡದ ಕ್ರಿಯಾಪದದ ಹಾಗೆ. ‘ಸ್ಟೇಷನ್ ಎಲ್ಲಿ ಇದೆ’ ಅನ್ನುವಾಗ ನಮ್ಮ ‘ಇದೆ’ ಕೂಡ ಅಲ್ಲೇ ತಾನೇ ಇರುವುದು?

ಹೌದು-ಇಲ್ಲ ಪ್ರಶ್ನೆಯನ್ನು ಹೀಗೆ ಒಳಗೆ ಸೇರಿಸಬೇಕಾದರೆ ‘ಒಪ್’ ಬೇಕು. ‘ವಿಸ್ಸೆನ್ ಜ಼ೀ, ಒಪ್ ಡೇರ್ ಟ್ಸೂಕ್ ಹೊಯ್ಟೆ ಕೊಮ್ಟ್?’ ರೈಲು ಇವತ್ತು ಬರುತ್ತಾ ಅಂತ ಗೊತ್ತಾ? ‘ಬರುತ್ತಾ ಅಂತ’ ಅನ್ನುವಲ್ಲಿ ನಮ್ಮ ದೀರ್ಘ ಮಾಡುವ ಕೆಲಸವನ್ನು ಅಲ್ಲಿ ‘ಒಪ್’ ಮಾಡುತ್ತದೆ.

ಮನೆಯಲ್ಲಿ ಅಭ್ಯಾಸ

ಜರ್ಮನ್ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟ್‌ನ ಎ1 (ಮೊದಲ ಹಂತದ) ಪರೀಕ್ಷೆಯ ಮಾತಿನ ಭಾಗದಲ್ಲಿ ಒಂದು ಚೀಟಿ ಕೈಗೆ ಬರುತ್ತದೆ. ಮೇಲೆ ವಿಷಯ, ಕೆಳಗೆ ಒಂದು ಪದ. ಆ ಪದ ಇಟ್ಟುಕೊಂಡು ಎದುರಿನವರಿಗೆ ಪ್ರಶ್ನೆ ಕೇಳಬೇಕು. ಮನೆಯಲ್ಲಿ ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ಇಪ್ಪತ್ತು ಚೀಟಿ ಮಾಡಿಕೊಳ್ಳಿ. ಊಟ, ಮನೆ, ಕೆಲಸ, ಭಾನುವಾರ, ಹೀಗೆ ಒಂದೊಂದು ಪದ ಜರ್ಮನ್‌ನಲ್ಲಿ ಬರೆಯಿರಿ. ದಿನಕ್ಕೆ ಐದು ಚೀಟಿ ಸಾಕು. ಒಂದೊಂದಕ್ಕೂ ಎರಡು ಪ್ರಶ್ನೆ: ಒಂದು ಕ್ರಿಯಾಪದದಿಂದ, ಇನ್ನೊಂದು ‘ವ’ದಿಂದ. ಜೋರಾಗಿ ಹೇಳಿ. ‘ಫ್ರ್ಯೂಶ್ಟ್ಯುಕ್’ (ಬೆಳಗಿನ ತಿಂಡಿ) ಬಂತೆನ್ನಿ. ‘ವಸ್ ಎಸ್ಸೆನ್ ಜ಼ೀ ಟ್ಸುಮ್ ಫ್ರ್ಯೂಶ್ಟ್ಯುಕ್?’ ತಿಂಡಿಗೆ ಏನು ತಿಂತೀರಿ? ಉತ್ತರವನ್ನೂ ನೀವೇ ಕೊಡಿ. ‘ಇಶ್ ಎಸ್ಸೆ ಇಡ್ಲಿ’ ಅಂದರೆ ಅದೂ ಸರಿಯಾದ ಜರ್ಮನ್ನೇ.